ಹಗುರಾದ ಯುಕುಲೆಲೆ

ಗಿಟಾರ್ ನುಡಿಸುವವರಿಗೆ ಯುಕುಲೆಲೆಯ ಮೇಲೆ ಒಂದು ತಾತ್ಸಾರವಿರುತ್ತದೆ. ನನಗೂ ಇತ್ತು. ಹುಣಸೂರಿನ ಆರ್ಕೆಸ್ಟ್ರಾದಲ್ಲಿ ಮೂವತ್ತು ವರ್ಷ, ಪಿರಿಯಾಪಟ್ಟಣದಿಂದ ಎಚ್.ಡಿ. ಕೋಟೆಯವರೆಗೆ ಯಾರ ಮದುವೆಯ ರಿಸೆಪ್ಶನ್ನನ್ನೂ ಬಿಡದೆ ಗಿಟಾರ್ ನುಡಿಸಿದವನು ನಾನು. ಮನೆಯಲ್ಲಿ ಆಸಕ್ತರಿಗೆ ಪಾಠವನ್ನೂ ಹೇಳುತ್ತೇನೆ. ಅಂಥವನು ಆ ನಾಲ್ಕು ತಂತಿಯ ಪುಟಾಣಿಯನ್ನು ಹಿಡಿಯುವುದೆಂದರೆ ಲಾರಿ ಓಡಿಸಿದವನು ಮೂರು ಗಾಲಿಯ ಸೈಕಲ್ ಹತ್ತಿದಂತೆ ಎಂದು ನಗುತ್ತಿದ್ದೆ.

ಹೋದ ವರ್ಷ ಬಲಭುಜ ಹಟ ಹಿಡಿಯಿತು. ಗಿಟಾರಿನ ಹೊಟ್ಟೆಯ ಮೇಲೆ ತೋಳು ಎತ್ತಿಟ್ಟರೆ ಕಣ್ಣಲ್ಲಿ ನೀರು. “ಇನ್ನು ಅದನ್ನ ಮರೆತುಬಿಡಿ” ಎಂದರು ಡಾಕ್ಟರು, ಉಪ್ಪು ಕಡಿಮೆ ಮಾಡಿ ಎನ್ನುವಷ್ಟು ಸಲೀಸಾಗಿ. ಕೆಲವು ವಾರ ಮನೆಯವರ ಮೇಲೆಲ್ಲ ರೇಗಾಡಿದೆ. ಒಬ್ಬನೇ ಕೂತು ಅತ್ತುಬಿಟ್ಟೆ ಎಂದೂ ಹೇಳಿಬಿಡುತ್ತೇನೆ. ಆಮೇಲೆ ಹಟ ಹಿಡಿಯುವ ಸರದಿ ನನ್ನದಾಯಿತು. ಭುಜಕ್ಕೆ ತೊಂದರೆ ಕೊಡದ ವಾದ್ಯ ತರುತ್ತೇನೆ, ಅದು ಯುಕುಲೆಲೆಯಾದರೂ ಸರಿ, ತಂದರೆ ಒಳ್ಳೆಯದನ್ನೇ ತರುತ್ತೇನೆ, ನುಡಿಸುವುದನ್ನಂತೂ ಬಿಡುವುದಿಲ್ಲ.

ಮೈಸೂರಿನ ಅಂಗಡಿಗೆ ಜೊತೆಯಾಗಿ ಬಂದವನು ನಯಾಜ್. ನಮ್ಮ ಆರ್ಕೆಸ್ಟ್ರಾದ ಡ್ರಮ್ಮರ್. ಹಗಲಲ್ಲಿ ಫರ್ನಿಚರ್ ವ್ಯಾಪಾರಿ. ಹುಣಸೂರಿನವರಾದ ನಮಗೆ ಮರವೆಂದರೆ ತೇಗ, ಒಳ್ಳೆಯದೆಂದರೆ ತೂಕ. ಮಂಚವಾಗಲಿ ಬಾಗಿಲಾಗಲಿ, ಎತ್ತಿದವರು ಏದುಸಿರು ಬಿಟ್ಟರೆ ಮಾತ್ರ ನಂಬಿಕೆ. ನಯಾಜ್ ಗೋಡೆಯಲ್ಲಿದ್ದ ಯುಕುಲೆಲೆಗಳನ್ನು ಒಂದೊಂದಾಗಿ ಅಂಗೈಯಲ್ಲಿ ತೂಗಿ, ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ, ಎಲ್ಲಕ್ಕಿಂತ ಭಾರದ್ದನ್ನು ನನ್ನ ಕೈಗಿಟ್ಟ.

“ಇದು ಕಣ್ಲಾ ಮಾಲು. ಮೊಮ್ಮಕ್ಕಳ ಕಾಲಕ್ಕೂ ಅಂಗೇ ಇರ್ತದೆ.”

ನಾನೂ ಪಂಡಿತನಂತೆ ತಲೆಯಾಡಿಸಿದೆ. ಅಷ್ಟರಲ್ಲಿ ಫೋನ್ ಬಂತೆಂದು ಅವನು ಬಾಗಿಲಾಚೆ ಹೋದ. ನಾನು ಒಂದು ಇಡೀ ಹಾಡು ನುಡಿಸಿ ಮುಗಿಸಿದೆ. ಒಳಬಂದವನು, “ಇನ್ನೂ ಸುರು ಮಾಡ್ನಿಲ್ವೇನ್ಲಾ?” ಎಂದ.

ಮಂಚ ಸದ್ದು ಮಾಡಬಾರದು, ವಾದ್ಯ ಮಾಡಬೇಕು. ಇಷ್ಟು ಸಣ್ಣ ವಿಷಯ ಇಬ್ಬರು ವಾದ್ಯಗಾರರಿಗೆ ಹೊಳೆದಿರಲಿಲ್ಲ. ಆ ಭಾರದ ವಾದ್ಯದ ದಪ್ಪ ಪ್ಲೈವುಡ್ಡನ್ನು ಅಲುಗಿಸಲು ಆ ನೈಲಾನ್ ತಂತಿಗಳಿಗೆ ತ್ರಾಣವೆಲ್ಲಿಂದ ಬರಬೇಕು? ಎಲ್ಲಕ್ಕಿಂತ ಹಗುರಾದದ್ದನ್ನು ಇಳಿಸಿಕೊಂಡೆ. ಅದರ ಮುಖ ಪ್ಲೈಯಲ್ಲ, ತೆಳ್ಳಗೆ ಹೆರೆದ ಅಪ್ಪಟ ಮರ. ಒಮ್ಮೆ ಮೀಟಿದೆ. ಬಾಗಿಲ ಬಳಿಯಿದ್ದ ಗಿರಾಕಿಯೊಬ್ಬರು ತಿರುಗಿ ನೋಡಿದರು. ನಯಾಜ್ ಭಾರದ್ದನ್ನು ಗೋಡೆಗೆ ತೂಗುಹಾಕಿದ.

ತೊಡಕು ಆಮೇಲೆ. ಹಳೆಯ ಅಭ್ಯಾಸದಂತೆ ನನ್ನ ಹೆಬ್ಬೆರಳು ಮೇಲಿನ ತಂತಿಯಲ್ಲಿ ಮಂದ್ರ ಹುಡುಕಿತು. ಅಲ್ಲಿ ಎತ್ತರದ ಸ್ವರ ಕಿಣ್ ಎಂದಿತು. ಯುಕುಲೆಲೆಯ ಶ್ರುತಿಯೇ ಹಾಗಂತೆ. ಅಂಗಡಿಯವರು, “ಗಿಟಾರ್ ನುಡಿಸೋರೆಲ್ಲ ಇಲ್ಲೇ ಎಡವೋದು ಸಾರ್. ಬೇಕಿದ್ರೆ ಆ ಒಂದು ತಂತಿ ಬದಲಾಯಿಸಿಕೊಡ್ತೀನಿ. ಇಲ್ಲಾಂದ್ರೆ ಈ ಬ್ಯಾರಿಟೋನ್ ಯುಕುಲೆಲೆ ತಗೊಳ್ಳಿ, ಸ್ವಲ್ಪ ದೊಡ್ಡದು, ಅದ್ರಲ್ಲಿ ಗಿಟಾರಿನ ಶ್ರುತಿನೇ ಇರುತ್ತೆ” ಎಂದರು.

“ಅದ್ನೇ ತಗೊ. ಈ ವಯಸ್ನಲ್ಲಿ ಯಾಕ್ಲಾ ತಾಪತ್ರಯ?” ಎಂದ ನಯಾಜ್.

ಬ್ಯಾರಿಟೋನನ್ನು ತೊಡೆಯ ಮೇಲಿಟ್ಟುಕೊಂಡೆ. ಬೆರಳುಗಳು ತವರಿಗೆ ಬಂದಂತೆ ಓಡಾಡಿದವು. ಎರಡು ನಿಮಿಷ ಸುಖವಾಗಿತ್ತು. ಮೂರನೆಯ ನಿಮಿಷಕ್ಕೆ ಹೆಬ್ಬೆರಳು ಗಿಟಾರಿನ ಐದನೆಯ, ಆರನೆಯ ತಂತಿಗಳನ್ನು ಹುಡುಕಿ ಗಾಳಿಯಲ್ಲಿ ಆಡಿತು. ಇದನ್ನು ಕೊಂಡರೆ ದಿನಾ ಸಂಜೆ ಇಲ್ಲದ ಎರಡು ತಂತಿಗಳನ್ನು ಎಣಿಸುತ್ತ ಕೂರುತ್ತೇನೆಂದು ಖಾತ್ರಿಯಾಯಿತು. ನಾನು ಬಂದದ್ದು ಗಿಟಾರಿನ ತಿಥಿ ಮಾಡಲಿಕ್ಕಲ್ಲ.

“ಆ ಹಗುರದ್ದೇ ಕೊಡಿ. ತಂತಿ ಹೇಗಿದೆಯೋ ಹಾಗೇ ಇರಲಿ” ಎಂದೆ.

ಅಂದು ಸಂಜೆ ಜಗಲಿಯಲ್ಲಿ ಕೂತು ನುಡಿಸಿದೆ. ಹೆಬ್ಬೆರಳು ಹೋದಲ್ಲೆಲ್ಲ ಅಪಸ್ವರ. ತಪ್ಪಿದಲ್ಲಿಗೇ ಮತ್ತೆ ಮತ್ತೆ ಬಂದೆ, ಬಿಡಲಿಲ್ಲ. ಅಡುಗೆಮನೆಯಿಂದ ಹೆಂಡತಿ ಕೇಳಿದಳು: “ಯಾರ್ರೀ ಅದು, ಹೊಸದಾಗಿ ಪಾಠಕ್ಕೆ ಸೇರ್ಕೊಂಡಿರೋದು?”

“ನಾನೇ ಕಣೇ” ಎಂದೆ.