ಕನ್ಯಾ ನೋಡಲು ಬಂದವರು ಮತ್ತು ಏಳರ ಧಾರಾವಾಹಿ

ಸಂಜೆ ಏಳರ ಧಾರಾವಾಹಿಯ ಸೊಸೆಗೆ ಏನಾದರೂ ಆದರೆ ಯಲಬುರ್ಗಾದ ನಮ್ಮ ಮನೆಯ ಸಾರಿಗೆ ಅಂದು ಉಪ್ಪು ಬೀಳುತ್ತಿರಲಿಲ್ಲ. ಅತ್ತು ಅತ್ತು ಮುಗಿಯದ ಅದೇ ಸೊಸೆ, ಒಡವೆ ಹೇರಿಕೊಂಡೇ ಮಲಗುವ ಅದೇ ಅತ್ತೆ. ಇದರಲ್ಲಿ ಅವ್ವನಿಗೆ ಏನು ಕಾಣುತ್ತದೋ ಎಂದು ನಾನು ನಗುತ್ತಿದ್ದೆ.

"ನಿನಗ ತಿಳಿಯಂಗಿಲ್ಲ ಬಿಡಪ," ಎನ್ನುತ್ತಿದ್ದಳು, ಟಿವಿಯಿಂದ ಕಣ್ಣು ತೆಗೆಯದೆ.

ತಂಗಿಯನ್ನು ನೋಡಲು ಕುಷ್ಟಗಿಯವರು ಬರುವ ದಿನ ಮಾತ್ರ ಅವ್ವ ಟಿವಿಗೆ ಕಸೂತಿ ಬಟ್ಟೆ ಹೊದಿಸಿದಳು. "ಟಿವಿ ಹುಚ್ಚಿನ ಮನಿ ಅಂದಾರು." ತಂಗಿ ಕುಷ್ಟಗಿಯದೇ ಆಸ್ಪತ್ರೆಯೊಂದರಲ್ಲಿ ನರ್ಸ್. ಹಿಂದೆ ಬಂದವರೆಲ್ಲ ಉಪ್ಪಿಟ್ಟು ತಿಂದು, ರಾತ್ರಿ ಪಾಳಿಯ ಮಾತು ಬಂದೊಡನೆ ಎದ್ದು ಹೋಗಿದ್ದರು. ಕೆಲಸ ಬಿಡಬೇಕೆಂದರೆ ಮದುವೆಯೇ ಬೇಡ ಎಂದು ತಂಗಿ ಹಟ ಹಿಡಿದಿದ್ದಳು. ಇವತ್ತೊಂದು ದಿನ ಆ ಮಾತು ಎತ್ತಬೇಡ ಎಂದು ಅವ್ವ ಅವಳಿಗೆ ಕೈಮುಗಿದಿದ್ದಳು.

ಮಧ್ಯಾಹ್ನ ಬರಬೇಕಾದವರು ಸಂಜೆ ಬಂದರು. ಉಪ್ಪಿಟ್ಟು, ಶಿರಾ, ಚಹಾ ಆಯಿತು. ಏಳು ಹತ್ತಿರವಾದಂತೆ ಹುಡುಗನ ತಾಯಿ ಗಡಿಯಾರ ನೋಡತೊಡಗಿದರು. ಅವ್ವನೂ ನೋಡಿದಳು.

"ಬಸ್ಸು ಇನ್ನೂ ಅದಾವ್ರಿ," ಎಂದೆ ನಾನು.

"ಬಸ್ಸಿಂದಲ್ಲ ತಮ್ಮಾ. ನಿಮ್ಮ ಮನ್ಯಾಗ ಟಿವಿ ಇಲ್ಲೇನು? ಏಳರ ಧಾರಾವಾಹಿ ಸೊಸಿ ನೌಕರಿಗೆ ಹೋಗ್ತಾಳೋ ಇಲ್ಲೋ, ಇವತ್ತ ತಿಳಿಯೂದೈತಿ."

ಅವ್ವ ಬಟ್ಟೆ ಎಳೆದ ರಭಸಕ್ಕೆ ಹುಡುಗ ಕಾಲು ಹಿಂದಕ್ಕೆ ತೆಗೆದುಕೊಂಡ.

ಪರದೆಯಲ್ಲಿ ಅತ್ತೆ ಸೊಸೆಯ ಕೋಣೆಗೆ ಹೊರಗಿನಿಂದ ಚಿಲಕ ಹಾಕಿದಳು. ಅಷ್ಟರಲ್ಲಿ ತಾಯಂದಿರಿಬ್ಬರೂ ಕುರ್ಚಿ ಬಿಟ್ಟು ಒಂದೇ ಚಾಪೆಗೆ ಇಳಿದಿದ್ದರು.

"ಎಂಥಾಕಿ ನೋಡ್ರಿ ಅಕ್ಕಾರ," ಎಂದಳು ಅವ್ವ.

"ಕಲ್ತ ಹುಡುಗಿ ದುಡ್ಯಾಕ ಹೋದ್ರ ಈ ಅತ್ತಿ ಗಂಟೇನು ಹೋಗ್ತೈತಿ? ನಾ ಅಲ್ಲಿದ್ರ ಚಿಲಕ ನಾನ ತಗೀತಿದ್ನಿ," ಎಂದು ಹುಡುಗನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಂಗಿ ಜಾಹೀರಾತು ಬರುವ ತನಕ ಕಾದಳು.

"ನನಗೂ ರಾತ್ರಿ ಪಾಳಿ ಇರ್ತಾವ್ರಿ. ನೌಕರಿ ನಾ ಬಿಡಂಗಿಲ್ಲ."

ಅವ್ವ ನನ್ನ ಮುಖ ನೋಡಿದಳು. ಹುಡುಗನ ತಾಯಿ ಕಣ್ಣೊರೆಸಿದ ಸೆರಗನ್ನು ಮಡಿಲಿಗಿಳಿಸಿದರು. ಸೋಪಿನ ಜಾಹೀರಾತು ಮುಗಿದು ಚಹಾಪುಡಿಯದು ಬಂತು. ಟಿವಿಯ ಸೊಸೆಗಾಗಿ ಅಳುವುದು ಸುಲಭ. ಮನೆಯ ಸೊಸೆ ಹೊತ್ತು ಮುಳುಗಿದ ಮೇಲೆ ಹೊರಟರೆ ಓಣಿಗೆಲ್ಲ ಉತ್ತರ ಕೊಡಬೇಕಾದವರು ಅವರೇ. ಅದು ಅವರ ಮುಖದಲ್ಲಿ ಕಾಣುತ್ತಿತ್ತು.

ಕೊನೆಗೆ ಮಗನ ಕಡೆ ತಿರುಗಿದರು. "ಈಗಷ್ಟ ಅಕಿ ಪರವಾಗಿ ಮಾತಾಡೀನಿ. ಇಕಿಗೆ ಬ್ಯಾಡ ಅನ್ನಾಕ ಯಾವ ಬಾಯಿ ತರ್ಲಿ? ದವಾಖಾನಿಗೆ ಬಿಟ್ಟು ಬರಾಕ ನಿನಗ ಆಕ್ಕೈತೇನು, ಅದನ್ನ ಹೇಳು."

"ಆಕ್ಕೈತಿ," ಎಂದ ಹುಡುಗ. ಆ ಸಂಜೆ ಅವನು ಆಡಿದ ಮೊದಲ ಮಾತು ಅದು.

ತಂಗಿ ಬಂದು ಚಾಪೆಯ ಅಂಚಿಗೆ ಕೂತಳು. ಧಾರಾವಾಹಿ ಮತ್ತೆ ಶುರುವಾಯಿತು.

"ಸ್ವಲ್ಪ ಈಚಿಗೆ ಜರಗವ್ವ," ಎಂದರು ಅವಳ ಅತ್ತೆಯಾಗುವವರು. "ಅಡ್ಡ ಆಗಾಕತ್ತಿ."