ಟೈಲರಕ್ಕನ ಅರವತ್ತು ಕುದುರೆ

ಬೇರೆಯವರು ಹೊಲಿದದ್ದನ್ನು ಬಿಚ್ಚಿ ಸರಿಮಾಡುವುದೇ ಟೈಲರಕ್ಕನ ಇಪ್ಪತ್ತೆಂಟು ವರ್ಷದ ಕಸುಬು. ಹೊಸ ಬಟ್ಟೆ ಹೊಲಿಯುವುದಿಲ್ಲ. ಮನುಷ್ಯರನ್ನು ಕಣ್ಣಾರೆ ಕಾಣದ ಕಾರ್ಖಾನೆಗಳು ಹೊಲಿದು ಕಳಿಸಿದ ಪ್ಯಾಂಟು ಕೋಟುಗಳನ್ನು ನಿಜವಾದ ಹೊಟ್ಟೆಗೆ, ನಿಜವಾದ ಸೊಂಟಕ್ಕೆ ಒಪ್ಪಿಸುತ್ತಾಳೆ, ಅಷ್ಟೇ. ಅವಳ ಅಂಗಡಿ ಎಷ್ಟು ಇಕ್ಕಟ್ಟೆಂದರೆ, ಅಳತೆ ಕೊಡಲು ಬಂದವರು ಉಸಿರು ಬಿಡಬೇಕಾದರೆ ಬೀದಿಗೆ ಹೋಗಿ ಬಿಟ್ಟು ಬರಬೇಕು. ಅಂಥ ಗೂಡಿನಲ್ಲಿ ಹನ್ನೊಂದು ವರ್ಷ ಅಂಚು ಮಡಿಸಿ ಕೂಡಿಟ್ಟು, ಐವತ್ತೆರಡನೆಯ ವಯಸ್ಸಿನಲ್ಲಿ ಒಂದು ಕೆಂಪು ಕಾರು ಕೊಂಡಳು. ಅಂತಿಂಥದ್ದಲ್ಲ, ಓಡುವುದಕ್ಕೆಂದೇ ಹುಟ್ಟಿದ ಕಾರು. ಅದು ಗುಡುಗಿದರೆ ಎದುರುಮನೆಯ ಗೋಡೆ ಗಡಿಯಾರ ಹೆದರಿ ಐದು ನಿಮಿಷ ಮುಂದಕ್ಕೋಡುತ್ತಿತ್ತು.

ಊರಾಚೆ ಪಾಳುಬಿದ್ದ ವಿಮಾನದ ಓಡುದಾರಿಯೊಂದಿದೆ. ಭಾನುವಾರ ಕಾರಿನ ಹುಚ್ಚಿನವರೆಲ್ಲ ಅಲ್ಲಿ ಸೇರುತ್ತಾರೆ. ಅಕ್ಕನಿಗೆ ವಿಷಯ ತಿಳಿದದ್ದು ಅಲ್ಲೇ: ತನ್ನ ಕಾರಿನ ಎಂಜಿನ್ನೂ ಅದೇ ಕಂಪನಿಯ ದುಬಾರಿ ಕಾರಿನ ಎಂಜಿನ್ನೂ ನಟ್ಟು ಬೋಲ್ಟಿನವರೆಗೆ ಒಂದೇ. ಒಳಗಿನ ಕಂಪ್ಯೂಟರ್ ಡಬ್ಬಿಯಲ್ಲಿ ನಾಲ್ಕು ಸಾಲು ಬರೆದು, ಅವಳ ಎಂಜಿನ್ನಿನ ಅರವತ್ತು ಕುದುರೆಯಷ್ಟು ಶಕ್ತಿಯನ್ನು ಲಾಯದಲ್ಲೇ ಕಟ್ಟಿಹಾಕಿದ್ದರು.

"ಅಂದ್ರೆ ಬಟ್ಟೆ ಪೂರ್ತಿ ಕೊಟ್ಟು, ಒಳಗಡೆ ಮಡಚಿ ಹೊಲಿದುಬಿಟ್ಟಿದಾರೆ. ಅಲ್ವಾ ಭಾವ?"

ಭಾವ ಎಂದರೆ ಅವಳ ಸ್ವಂತ ಅಕ್ಕನ ಗಂಡ, ಗ್ಯಾರೇಜಿನವನು. ಅವನ ಉಗುರು ಸಂದಿಯ ಗ್ರೀಸು ಕೆರೆದು ತೆಗೆದರೆ ಎರಡು ಲಾರಿ ಒಂದು ವರ್ಷ ಓಡುತ್ತವೆ.

"ಹೂಂ ತಾಯಿ. ಬಿಚ್ಚೋದು ಅರ್ಧ ದಿನದ ಕೆಲಸ. ಆದ್ರೆ ಕಂಪನಿಯವರಿಗೆ ಗೊತ್ತಾದ್ರೆ ವಾರಂಟಿಗೆ ಎಳ್ಳುನೀರು."

"ನನ್ನ ಕಾರು, ನನ್ನ ಕುದುರೆ. ಬಿಚ್ಚಿ."

ಬಿಚ್ಚಿದ. ಆಮೇಲಿನ ಎರಡು ತಿಂಗಳು, ಅಕ್ಕ ಮನೆಗೆ ಬಂದು ಕೈಕಾಲು ತೊಳೆದು ಕೂತ ಮೇಲೆ ಅವಳ ನೆರಳು ಏದುಸಿರು ಬಿಡುತ್ತಾ ಬಂದು ಸೇರುತ್ತಿತ್ತು.

ಅಷ್ಟರಲ್ಲಿ ಕಾರಿನ ಕಿಟಕಿ ಗಾಜು ಕೆಳಗಿಳಿಯದಾಯಿತು.

"ಶೋರೂಮಿಗೆ ಬಿಡು. ಗಾಜು ನೋಡೋರು ಎಂಜಿನ್ ಯಾಕೆ ನೋಡ್ತಾರೆ? ನೀನು ಬಾಯಿ ಮುಚ್ಕೊಂಡಿದ್ರೆ ಸಾಕು" ಎಂದ ಭಾವ.

ಅಕ್ಕ ಬಾಯಿ ಮುಚ್ಚಿಕೊಂಡೇ ಇದ್ದಳು. ಆದರೆ ಅವಳ ಕಸುಬಿನಲ್ಲಿ ಒಂದು ಪದ್ಧತಿ. ರಿಪೇರಿಯಾದ ಬಟ್ಟೆಯನ್ನು ಇನ್ನೊಬ್ಬರ ಕೈಗೆ ಕೊಡುವಾಗ ಎಲ್ಲಿ ಏನು ಬದಲಾಗಿದೆಯೆಂದು ಚೀಟಿ ಬರೆದು ಗುಂಡುಸೂಜಿಯಲ್ಲಿ ಚುಚ್ಚಬೇಕು. ಇಲ್ಲದಿದ್ದರೆ ಮುಂದಿನವರ ಕತ್ತರಿ ತಪ್ಪು ಜಾಗಕ್ಕೆ ಬೀಳುತ್ತದೆ. ಇಪ್ಪತ್ತೆಂಟು ವರ್ಷ ಪಳಗಿದ ಕೈ ತಲೆಯನ್ನು ಕೇಳಿ ಕೆಲಸ ಮಾಡುವುದಿಲ್ಲ. ಕಾರು ಒಪ್ಪಿಸುವಾಗ ಸೀಟಿನ ಬಟ್ಟೆಗೆ ಅವಳು ಚೀಟಿ ಚುಚ್ಚಿಯೇ ಬಂದಿದ್ದಳು: 'ಅರವತ್ತು ಕುದುರೆ ಸಡಿಲ ಮಾಡಲಾಗಿದೆ. ಮತ್ತೆ ಬಿಗಿ ಮಾಡಬೇಡಿ.'

ಆ ಶೋರೂಮಿನ ನೆಲದ ನುಣುಪಿಗೆ, ಒಳಗೆ ಕಾಲಿಟ್ಟವರ ಮರ್ಯಾದೆ ತಾನಾಗಿ ಜಾರಿ ಬಾಗಿಲಾಚೆ ಬೀಳುತ್ತದೆ. ಮರುದಿನ ಅಕ್ಕ ಹೋದಾಗ, ನಗುವಿಗೆ ಇಸ್ತ್ರಿ ಹಾಕಿ ಮುಖಕ್ಕೆ ಅಂಟಿಸಿಕೊಂಡಿದ್ದ ಮ್ಯಾನೇಜರು ಮೇಜಿನ ಮೇಲೆ ಚೀಟಿಯನ್ನಿಟ್ಟ. ಅಕ್ಕ ಹಣೆ ಚಚ್ಚಿಕೊಂಡಳು.

"ನಿಮ್ಮ ಸುರಕ್ಷತೆಗೋಸ್ಕರ ಕಂಪನಿ ಸಾಫ್ಟ್‌ವೇರನ್ನೇ ವಾಪಸ್ ಹಾಕಿದೀವಿ ಮೇಡಂ. ಇನ್ಮೇಲೆ ಹೊರಗಿನವರು ಯಾರೂ ತೆಗೆಯೋಕಾಗಲ್ಲ. ವಾರಂಟಿ ರದ್ದಾಗಿದೆ."

"ಕಿಟಕಿ?"

"ಅದೂ ವಾರಂಟಿಗೇ ಸೇರಿದ್ದು."

"ಎಂಜಿನ್ ಜೋರು ಮಾಡಿದ್ರೆ ಕಿಟಕಿ ಕೆಡುತ್ತಾ? ಮೂಗು ಚುಚ್ಚಿಸ್ಕೊಂಡ್ರೆ ಮಂಡಿ ಸವೆಯುತ್ತೇನ್ರೀ?"

"ಪಾಲಿಸಿ, ಮೇಡಂ."

ಉತ್ತರ ಇಲ್ಲದವರಿಗೆ ಕಂಪನಿಗಳು ಸಂಬಳದ ಜೊತೆಗೆ ಹಂಚುವ ಪದ ಅದು. ಮ್ಯಾನೇಜರು ಗುಟ್ಟು ಹೇಳುವವನಂತೆ ಮುಂದಕ್ಕೆ ಬಾಗಿದ.

"ಬೇಜಾರು ಮಾಡ್ಕೋಬೇಡಿ. ಅದೇ ಅರವತ್ತು ಕುದುರೆ ನಾವೇ ಕೊಡ್ತೀವಿ, ತಿಂಗಳ ಬಾಡಿಗೆಗೆ. ಫೋನಲ್ಲಿ ಒತ್ತಿದ್ರೆ ಸಾಕು, ಆನ್."

"ಆಗ ಸುರಕ್ಷತೆ?"

"ಕಂಪನಿದೇ ಅಲ್ವಾ, ಏನೂ ಆಗಲ್ಲ."

ಕಳ್ಳರಿಗೂ ಒಂದು ಮಾನ ಇರುತ್ತದೆ. ಕದ್ದ ಕೊಡಪಾನವನ್ನು ಅದೇ ಮನೆಯವರಿಗೆ ಬಾಡಿಗೆಗೆ ಕೊಡಲು ಬರುವುದಿಲ್ಲ. ಬಂದರೂ ಟೈ ಕಟ್ಟಿಕೊಂಡು ಬರುವುದಿಲ್ಲ.

"ಕೀಲಿ ಕೊಡ್ರೀ" ಎಂದಳು ಅಕ್ಕ. ದಾರಿಯಲ್ಲಿ ಹಾಲಿನವನೊಬ್ಬ ಕ್ಯಾನು ತೂಗುಹಾಕಿದ ಸೈಕಲ್ಲಿನಲ್ಲಿ ಅವಳ ಕಾರನ್ನು ಹಿಂದೆ ಹಾಕಿ, ತಿರುಗಿ ನೋಡಿ, ಅಯ್ಯೋ ಪಾಪ ಎಂದನಂತೆ.

ಗ್ಯಾರೇಜಿನಲ್ಲಿ ಭಾವ ಮೂರು ದಿನ ಹೆಣಗಿದ. "ನನ್ನ ಕೈಲಾಗಲ್ಲ. ಈ ಬೀಗ ಹಾಕಿದೋನಿಗೆ ತನ್ನ ಹೆಂಡ್ತಿ ಮೇಲೂ ನಂಬಿಕೆ ಇರಲಿಕ್ಕಿಲ್ಲ" ಎಂದು ಕೈ ಒರೆಸಿಕೊಂಡ. "ಒಂದೇ ದಾರಿ. ಅವರ ಡಬ್ಬಿನೇ ಕಿತ್ತುಹಾಕಿ ಬೇರೆ ಡಬ್ಬಿ ಕೂರಿಸೋದು. ಎಂಜಿನ್ ಪೂರ್ತಿ ನಿಂದಾಗುತ್ತೆ. ಆದ್ರೆ ಮಿಕ್ಕಿದ್ದೆಲ್ಲ ಸತ್ತೋಗುತ್ತೆ. ಸ್ಪೀಡೋಮೀಟರ್ ಇಲ್ಲ, ಏಸಿ ಇಲ್ಲ, ಬಾಗಿಲ ಲಾಕೂ ಇಲ್ಲ. ನಾಳೆ ಮಾರ್ತೀನಿ ಅಂದ್ರೆ ಗುಜರಿಯವನೂ ಮೂಸಲ್ಲ. ಸುಮ್ನೆ ಬಾಡಿಗೆ ಕಟ್ಕೊಂಡು ತಣ್ಣಗಿರಬಾರದಾ?"

ಅಕ್ಕ ಬಾನೆಟ್ಟಿನ ಮೇಲೆ ಕೈಯಾಡಿಸಿದಳು. ಹನ್ನೊಂದು ವರ್ಷದ ದುಡಿಮೆ ಅದರಡಿ ಮಲಗಿತ್ತು.

"ಅಂಗಡಿ ಬಾಡಿಗೆದು, ಮನೆ ಬಾಡಿಗೆದು. ಇದೊಂದು ನಂದು ಅಂತ ತಗೊಂಡೆ ಭಾವ. ಕಿತ್ತುಹಾಕಿ."

ಭಾನುವಾರ ಓಡುದಾರಿಯಲ್ಲಿ ಕೆಂಪು ಕಾರು ನಿಂತಿತು. ಬಾಗಿಲು ತೆರೆದುಕೊಳ್ಳದಂತೆ ಭಾವ ಹಗ್ಗ ಹಿಡಿದು ಪಕ್ಕದಲ್ಲಿ ಕೂತಿದ್ದ. ಇಳಿಯದ ಗಾಜಿನೊಳಗೆ ಇಬ್ಬರೂ ಇಡ್ಲಿಯ ಹಾಗೆ ಬೇಯುತ್ತಿದ್ದರು. ಅಕ್ಕ ಕಾಲೊತ್ತಿದಳು. ಕಾರು ಆಚೆ ತುದಿ ಮುಟ್ಟಿ ಈಚೆಗೆ ಬಂದು ನಿಂತ ಮೇಲೆ ಅದರ ಸದ್ದು ಬಂದು ತಲುಪಿತು. ಜನ ಮುತ್ತಿಕೊಂಡರು.

"ಎಷ್ಟಿತ್ತು ಸ್ಪೀಡು?"

ಭಾವ ಹಗ್ಗ ಬಿಟ್ಟಿರಲಿಲ್ಲ. ಮುಖ ಸುಣ್ಣವಾಗಿತ್ತು.

"ಮುಳ್ಳು ಸೊನ್ನೆ ಬಿಟ್ಟು ಅಲ್ಲಾಡಲಿಲ್ಲ. ನನ್ನ ಪ್ರಾಣ ಮಾತ್ರ ಆ ಕಡೆ ತುದೀಲಿ ಬಿದ್ದಿದೆ. ಯಾರಾದ್ರೂ ಹೋಗಿ ತಂದುಕೊಡ್ರಪ್ಪಾ."

"ಬೇರೆಯವರು ಯಾಕೆ? ಹಗ್ಗ ಗಟ್ಟಿ ಹಿಡ್ಕೊಳ್ಳಿ ಭಾವ, ನಾವೇ ಹೋಗಿ ತರೋಣ" ಎಂದು ಅಕ್ಕ ಕಾರು ತಿರುಗಿಸಿದಳು.