ಬೀಗರ ಅಂಗಳದಲ್ಲಿ ಒಣಗದ ಸಂಡಿಗೆ

ನಮ್ಮ ಗುಬ್ಬಿಯಲ್ಲಿ ಬಿಸಿಲನ್ನು ಯಾರೂ ಹೊಗಳುವುದಿಲ್ಲ, ದಿನವೂ ಬೈಯುತ್ತಾರೆ. ಆದರೆ ಬೇರೆ ಊರಿನವರು ಅದನ್ನು ಬೈದರೆ ನಮಗೆ ಮೈಯೆಲ್ಲ ಉರಿಯುತ್ತದೆ. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಅಮ್ಮ ಮತ್ತು ನಾನು ಕರಾವಳಿಯ ಬೀಗರ ಮನೆಗೆ ಹೋಗಿದ್ದಾಗ ಆದದ್ದು ಅದೇ.

ಅಕ್ಕನ ಗಂಡ ತುಮಕೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದವರು. ಮದುವೆಯಾದ ಮೇಲೆ ಅವರಿಗೆ ಸಮುದ್ರದ ದಂಡೆಯ ಸ್ವಂತ ಊರಿಗೇ ವರ್ಗವಾಯಿತು. ಅಕ್ಕ ಈಗ ಚೊಚ್ಚಲ ಬಸುರಿ, ಆಷಾಢದಲ್ಲಿ ಹೆರಿಗೆ. ಚೊಚ್ಚಲು ತವರಿನಲ್ಲೇ ಆಗಬೇಕೆಂದು ಅಮ್ಮ ಅವಳನ್ನು ಕರೆದುಕೊಂಡು ಬರಲು ಹೊರಟಿದ್ದಳು. ಅಕ್ಕನ ಅತ್ತೆ ಬೇಡವೆನ್ನಲಿಲ್ಲ, ಸರಿ ಎನ್ನಲೂ ಇಲ್ಲ.

"ಘಾಟಿ ರಸ್ತೆ, ಇವಳು ಬಸುರಿ. ಮತ್ತೆ ನಿಮ್ಮಲ್ಲಿ ಬರೀ ಬಿಸಿಲಲ್ವಾ? ಇಲ್ಲಾದರೆ ಸಮುದ್ರದ ಗಾಳಿ ಉಂಟು. ಒಂದು ವಾರ ಇರಿ, ನೋಡುವ" ಎಂದರು.

ಅಕ್ಕ ಬಾವಿಯ ಹತ್ತಿರ ಅಮ್ಮನ ಸೆರಗು ಹಿಡಿದುಕೊಂಡು, "ಅಮ್ಮಾ, ನಂಗೆ ಭಯ ಆಗ್ತಿದೆ. ಹೆಂಗಾದ್ರೂ ಮಾಡಿ ಕರ್ಕೊಂಡ್ ಹೋಗು" ಎಂದಳು. ಅವಳ ಕಣ್ಣು ತುಂಬಿತ್ತು. ಅಮ್ಮನ ತಲೆಯಲ್ಲಿ ಮಾತ್ರ ಆ "ಬರೀ ಬಿಸಿಲು" ಕುದಿಯುತ್ತಿತ್ತು.

"ಬಿಸಿಲು ಅಂದ್ರೆ ಏನು ಅಂತ ತೋರಿಸ್ತೀನಿ ತಡಿ. ನಮ್ ಕಡೆ ಅರಳು ಸಂಡಿಗೆ ಒಂದ್ಸಲ ತಿನ್ಲಿ, ನಿಮ್ಮತ್ತೆ ತಾವೇ ಬಂದು ನಮ್ಮನ್ನ ಬಸ್ ಹತ್ತಿಸ್ತಾರೆ ಕಣೇ!"

ಆ ವಾರ ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. "ಎಂಥ ಒಣ ಹವೆ ಮಾರಾಯ್ರೆ! ವೈಶಾಖದಲ್ಲಿ ಇಷ್ಟು ಹಾಯಾಗಿ ಇದ್ದದ್ದೇ ಇಲ್ಲ" ಎಂದು ಬೀಗರ ಮನೆಯವರು ಜಗಲಿಯಲ್ಲಿ ಕುಳಿತು ಸಂತೋಷಪಡುತ್ತಿದ್ದರು. ಅವರ ಆ ಒಣ ಹವೆಯಲ್ಲಿ ನಾವಿಬ್ಬರೂ ಪಾತ್ರೆಯೊಳಗಿನ ಇಡ್ಲಿಗಳಂತೆ ಬೇಯುತ್ತಿದ್ದೆವು. ನಮ್ಮೂರಿನಲ್ಲಿ ಬೆವರು ಬಂದಷ್ಟೇ ಬೇಗ ಆರಿಹೋಗುತ್ತದೆ. ಅಲ್ಲಿಯ ಬೆವರೋ ನಮ್ಮಂತೆಯೇ, ಬಂದ ಮೇಲೆ ಹೊರಡುವ ಮಾತೇ ಎತ್ತುತ್ತಿರಲಿಲ್ಲ.

ಅಮ್ಮ ಊರಿನಿಂದ ಒಂದು ಡಬ್ಬ ಭತ್ತದ ಅರಳು ತಂದಿದ್ದಳು. ಬೀಗರ ಹಿತ್ತಲಿನ ಬೂದುಗುಂಬಳ ತುರಿದು, ಹಸಿಮೆಣಸಿನಕಾಯಿ, ಉಪ್ಪು, ಇಂಗು ರುಬ್ಬಿ ಹಾಕಿ, ಅರಳು ಕಲಸಿದಳು. ಹೆಂಚಿನ ಮನೆಗೆ ತಾರಸಿಯೇ ಇಲ್ಲವಲ್ಲ ಎಂದು ಗೊಣಗುತ್ತ ಅಂಗಳದಲ್ಲಿ ಪಂಚೆ ಹಾಸಿ ಸಂಡಿಗೆ ಇಟ್ಟಳು. ಕಾಗೆ ಓಡಿಸುವ ಕೆಲಸ ನನ್ನ ಪಾಲಿಗೆ ಬಂತು. ಪಿಯುಸಿ ಪಾಸಾದವಳಿಗೆ ಸಿಕ್ಕ ಮೊದಲ ಉದ್ಯೋಗ ಅದು.

ಸಂಜೆ ಬೀಗಿತ್ತಿ ಬಂದು, "ಒಳಗೆ ತೆಗೆದಿಡುದಲ್ವಾ?" ಎಂದು ಕೇಳಿದರು.

"ಬೇಡಿ ಬೀಗರೇ, ನಮ್ ಕಡೆ ರಾತ್ರಿನೂ ಹಂಗೇ ಬಿಡ್ತೀವಿ. ಬೆಳಗ್ಗೆ ಎದ್ದು ನೋಡಿದ್ರೆ ಗಲಗಲ ಅಂತಿರ್ತವೆ."

ಬೀಗಿತ್ತಿ ಒಮ್ಮೆ ಸಂಡಿಗೆಯನ್ನು, ಒಮ್ಮೆ ಅಮ್ಮನನ್ನು ನೋಡಿ ಒಳಗೆ ಹೋದರು. ಮನೆಗೆ ಬಂದ ಬೀಗರಿಗೆ ಬುದ್ಧಿ ಹೇಳುವುದು ಘಟ್ಟದ ಮೇಲೂ ಮರ್ಯಾದೆಯಲ್ಲ, ಕೆಳಗೂ ಅಲ್ಲ.

ಬೆಳಗ್ಗೆ ನೋಡಿದರೆ ಸಂಡಿಗೆಗಳು ಗಲಗಲ ಎನ್ನುವುದಿರಲಿ, ಇಟ್ಟಾಗ ಇದ್ದದ್ದಕ್ಕಿಂತ ಒದ್ದೆಯಾಗಿ ಉಬ್ಬಿ ಕುಳಿತಿದ್ದವು. ಸಮುದ್ರದ ಗಾಳಿಯ ತೇವವನ್ನೆಲ್ಲ ಅಮ್ಮನ ಉಪ್ಪು ರಾತ್ರಿಯಿಡೀ ಕುಡಿದಿತ್ತು. ಅಂದಿನಿಂದ ಹಗಲು ಒಣಗಿಸುವುದು, ರಾತ್ರಿ ಒಳಗೆ ತೆಗೆದು ಬಟ್ಟೆ ಮುಚ್ಚುವುದು, ಬೆಳಗ್ಗೆ ಮುಟ್ಟಿ ನೋಡಿ ಮುಖ ಸಪ್ಪೆ ಮಾಡಿಕೊಳ್ಳುವುದು. ನನಗೆ ನಗು ತಡೆಯಲಾಗುತ್ತಿರಲಿಲ್ಲ. "ನಗ್ತೀಯೇನ್ಲೇ? ನಿಮ್ಮಕ್ಕನ ಬಾಣಂತನ ಇದ್ರ ಮೇಲೆ ನಿಂತೈತೆ!" ಎಂದು ಅಮ್ಮ ಗದರಿದಳು. ವಾರ ಮುಗಿಯುತ್ತ ಬಂದಿತ್ತು. ಅಕ್ಕನನ್ನು ಕಳಿಸುವ ಮಾತನ್ನು ಬೀಗಿತ್ತಿ ಇನ್ನೂ ಎತ್ತಿರಲಿಲ್ಲ.

ಕೊನೆಗೆ ಸಂಡಿಗೆಗೆ ಬೂಷ್ಟು ಬಂತು. ಮಧ್ಯಾಹ್ನ ಎಲ್ಲರೂ ಮಲಗಿದ್ದಾರೆಂದುಕೊಂಡು ಅಮ್ಮ ಮೊರದ ಮೇಲೆ ಸೆರಗು ಮುಚ್ಚಿಕೊಂಡು, ತೆಂಗಿನ ಬುಡಕ್ಕೆ ಸುರಿದು ಬರಲು ಹೊರಟಳು. ನಾನು ಕಾವಲಿಗೆ ಹಿಂದೆ ಹೋದೆ. ತೆಂಗಿನ ಮರದ ಹತ್ತಿರ ಬೀಗಿತ್ತಿ ಸೋಗೆ ಆಯುತ್ತ ನಿಂತಿದ್ದರು.

"ಎಂಥದು ಅದು?"

ಅಮ್ಮನಿಗೆ ಅಳುವೇ ಬಂತು. "ಕೆಟ್ಟೋಯ್ತು ಬೀಗರೇ. ನಿಮಗೆ ನನ್ನ ಕೈರುಚಿ ತೋರಿಸ್ಬೇಕು ಅಂತಿದ್ದೆ" ಎಂದಳು.

ಬೀಗಿತ್ತಿ ಒಂದು ಸಂಡಿಗೆ ತೆಗೆದು ಬೆರಳಲ್ಲಿ ಅಮುಕಿದರು. ಮೂಸಿದರು. ಆಮೇಲೆ ಅಲ್ಲೇ ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟರು. ಅವರು ನಗುತ್ತಾರೆಂದು ನಾನು ಕಾದೆ.

"ಇಂಥ ಬಿಸಿಲಲ್ಲೇ ಇದು ಒಣಗಲಿಲ್ಲ" ಎಂದರು. "ಆಷಾಢದಲ್ಲಿ ಮಗುವಿನ ಬಟ್ಟೆ ಒಣಗುದು ಹೇಗೆ? ನನ್ನ ದೊಡ್ಡವ ಹುಟ್ಟಿದ್ದು ಅದೇ ಮಳೆಯಲ್ಲಿ. ಕೆಂಡದ ಮೇಲೆ ಬುಟ್ಟಿ ಕವುಚಿ ಬಟ್ಟೆ ಒಣಗಿಸುತ್ತಿದ್ದೆ. ಎಷ್ಟು ಮಾಡಿದರೂ ತೇವ. ಮಗುವಿಗೆ ಶೀತ ಹಿಡಿದು, ಉಳಿಯುದಿಲ್ಲ ಅಂದಿದ್ದರು. ಹೇಗೋ ಉಳಿದ. ನಾನು ಅದೆಲ್ಲ ಮರೆತೇಬಿಟ್ಟಿದ್ದೆ ನೋಡಿ." ಕೈಯಲ್ಲಿದ್ದ ಸಂಡಿಗೆಯನ್ನು ಮೊರಕ್ಕೆ ಹಾಕಿ, "ನಿಮ್ಮ ಮಗಳನ್ನು ಕರ್ಕೊಂಡು ಹೋಗಿ" ಎಂದರು.

"ಅಲ್ಲ ಬೀಗರೇ, ನಮ್ಮೂರಲ್ಲಿ ಆಗಿದ್ರೆ ಈ ಸಂಡಿಗೆ..." ಎಂದು ಅಮ್ಮ ಶುರುಮಾಡಿದಳು. ಗೆದ್ದದ್ದು ತಿಳಿಯದೆ ಇನ್ನೂ ಸಂಡಿಗೆಯ ಪರವಾಗಿ ವಕಾಲತ್ತು ಮಾಡುತ್ತಿದ್ದಳು. ನಾನು ಅವಳ ತೋಳು ಚಿವುಟಿದೆ. ಮರುದಿನ ಭಾವ ಒಂದು ಕಾರು ಗೊತ್ತುಮಾಡಿ, ಘಾಟಿಯಲ್ಲಿ ನಿಧಾನವಾಗಿ ಓಡಿಸುವಂತೆ ಡ್ರೈವರಿಗೆ ಹತ್ತು ಸಲ ಹೇಳಿ, ನಮ್ಮನ್ನು ಕಳಿಸಿದರು.

ಆಷಾಢದಲ್ಲಿ ಗುಬ್ಬಿಯಲ್ಲಿ ಗಂಡುಮಗು ಹುಟ್ಟಿತು. ನಾಮಕರಣಕ್ಕೆ ಬೀಗಿತ್ತಿ ಬಂದರು. ಕರಾವಳಿಯಲ್ಲಿ ಬಿಡದೆ ಸುರಿವ ಮಳೆಯಲ್ಲಿ ಹೊರಟವರ ಸೀರೆಯ ಅಂಚು ಇನ್ನೂ ಒದ್ದೆಯಾಗಿತ್ತು. ನಮ್ಮಲ್ಲಿ ಬರೀ ಗಾಳಿ. ಈ ಸಲವಾದರೂ ಬಿಸಿಲಿನ ವಿಷಯ ಎತ್ತಿ ಒಂದು ಮಾತು ಆಡಿಯೇ ತೀರುತ್ತೇನೆಂದು ಅಮ್ಮ ಬೆಳಗಿನಿಂದ ಕಾದಿದ್ದಳು. ಸಂಡಿಗೆಯನ್ನೂ ಕರಿದಿಟ್ಟಿದ್ದಳು.

ಬೀಗಿತ್ತಿ ಕಾಲು ತೊಳೆಯಲು ಹಿತ್ತಲಿಗೆ ಹೋದವರು ಹಿಂದಿರುಗಲಿಲ್ಲ. ಅಮ್ಮನೂ ನಾನೂ ಹೋಗಿ ನೋಡಿದರೆ ತಂತಿಯ ಮೇಲಿನ ಮಗುವಿನ ಬಟ್ಟೆಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದರು. ಬೆಳಗ್ಗೆ ಹರವಿದ್ದವು ಆಗಲೇ ಗರಿಗರಿಯಾಗಿದ್ದವು. ಒಂದನ್ನು ಕೆನ್ನೆಗೆ ಒತ್ತಿಕೊಂಡು ಅವರು ಅಳುತ್ತಿದ್ದರು.

ಅಮ್ಮ ಕಾದಿಟ್ಟ ಮಾತು ಆಡಲಿಲ್ಲ. ತಂತಿಯ ಮೇಲಿದ್ದ ಬಟ್ಟೆಗಳನ್ನೆಲ್ಲ ತೆಗೆದು, ಮಡಿಸದೆ, ಹಾಗೆಯೇ ಅವರ ಮಡಿಲಿಗೆ ಹಾಕಿದಳು.